ತೋಟದಲ್ಲಿ ಬಿಟ್ಟರೆ ನಾಯಿ ಕರೆದಾಗ ಬರಲ್ಲ, ಕಾಫಿ ಕೊಯ್ಲಿಗೆ ಮುಂಚೆ ಏನಾದ್ರೂ ಮಾಡಬಹುದಾ?

ಕರಿಮೆಣಸಿನಬಳ್ಳಿ:

ನಾಯಿ ಲ್ಯಾಬ್ ಮಿಶ್ರತಳಿ, ಗಂಡು, ಎಂಟು ತಿಂಗಳು, 26 ಕೆಜಿ. ಜಾಗ ಕೊಡಗಿನ ಸಿದ್ದಾಪುರದ ಕಡೆ ರೊಬಸ್ಟಾ ಕಾಫಿ ತೋಟ. ಸುತ್ತ ಪೂರ್ತಿ ಬೇಲಿ ಇಲ್ಲ. ಒಂದು ಬದಿ ಆಳುಗಳು ಇರೋ ಲೈನ್ ಮನೆಗಳು, ಇನ್ನೊಂದು ಬದಿ ಹೊಳೆ.

ಮನೆಯೊಳಗೆ ‘ಕೂತ್ಕೋ’, ‘ಇರು’, ‘ಬಾ’ ಎಲ್ಲಾ ಗೊತ್ತು. ಹೊರಗೆ ಬಿಟ್ಟ ಮೇಲೆ ‘ಬಾ’ ಅಂದ್ರೆ ಒಂದು ಸಲ ತಿರುಗಿ ನೋಡುತ್ತೆ, ಆಮೇಲೆ ತನ್ನ ದಾರಿ ಹಿಡಿಯುತ್ತೆ. ಲೈನ್ ಮನೆ ಕೋಳಿ ಅಟ್ಟಿಸೋದು ಬೇರೆ. ಹತ್ತಿರ ಬಂದ್ರೂ ಒಂದು ಮಾರು ದೂರದಲ್ಲೇ ನಿಂತು ಕೊರಳಪಟ್ಟಿಗೆ ಕೈ ಹಾಕೋಕೆ ಬಿಡಲ್ಲ. ಮಳೆಗಾಲದ ನಾಲ್ಕು ತಿಂಗಳು ಹೆಚ್ಚಾಗಿ ಜಗಲಿಯಲ್ಲಿ ಚೈನ್‌ನಲ್ಲೇ ಇತ್ತು.

ಈಗ ಮಳೆ ಬಿಟ್ಟಿದೆ, ಇನ್ನು ಆರೇಳು ವಾರಕ್ಕೆ ಕೊಯ್ಲಿಗೆ ಹೊರಗಿನ ಆಳುಗಳು ಬರ್ತಾರೆ. ತಲೆ ಮೇಲೆ ಚೀಲ ಹೊತ್ತವರನ್ನ, ಪ್ಲಾಸ್ಟಿಕ್ ಹೊದ್ದವರನ್ನ ಕಂಡ್ರೆ ವಿಪರೀತ ಬೊಗಳುತ್ತೆ. ರಿಮೋಟ್ ಒತ್ತಿದ್ರೆ ಕತ್ತಿಗೆ ಶಾಕ್ ಕೊಡೋ ಕರೆಂಟ್ ಕಾಲರ್ ಹಾಕಿ ಅಂತ ಕೆಲವರ ಸಲಹೆ. ಗೊತ್ತಿರೋರು ಕ್ರಮವಾಗಿ ಹೇಳಿದ್ರೆ ಉಪಕಾರ.

ಕಣದಮೂಲೆ:

ಇದಕ್ಕೆ ‘ಬಾ’ ಚೆನ್ನಾಗೇ ಅರ್ಥ ಆಗಿದೆ. ‘ಬಾ’ ಅಂದ್ರೆ ಆಟ ಮುಗೀತು, ಚೈನ್ ಬಂತು. ಒಂದು ಮಾರು ದೂರದಲ್ಲಿ ನಿಲ್ಲೋ ಲೆಕ್ಕಾಚಾರವೂ ಅದೇ: ಮನುಷ್ಯನ ಕೈ ಎಲ್ಲಿವರೆಗೆ ಚಾಚುತ್ತೆ ಅಂತ ಅಳೆದು ನಿಂತಿದೆ. ಹಾಗಾಗಿ ಹಳೇ ಪದವನ್ನ ಗಟ್ಟಿಯಾಗಿ ಕೂಗಿ ರಿಪೇರಿ ಮಾಡೋಕೆ ಹೋಗಬೇಡಿ. ಅದನ್ನ ಅಲ್ಲೇ ಬಿಟ್ಟು ಹೊಸ ಸಂಕೇತ ಶುರು ಮಾಡಿ.

ತೋಟಕ್ಕೆ ವಿಸಿಲ್‌ಗಿಂತ ಒಳ್ಳೇದು ಇಲ್ಲ. ಮನೆಯಲ್ಲಿ ಕೊಡವ ತಕ್ಕ್, ತೋಟದ ಲೆಕ್ಕ ಬರೆಯೋ ರೈಟರ್‌ದು ಕನ್ನಡ, ಲೈನ್‌ನಲ್ಲಿ ತಮಿಳೋ ಮಲಯಾಳವೋ, ಕೊಯ್ಲಿಗೆ ಬಂದೋರದ್ದು ಇನ್ನೊಂದು ಭಾಷೆ. ನಾಯಿ ಕಿವಿಗೆ ದಿನಕ್ಕೆ ನೂರು ಸಲ ಯಾರೋ ಯಾರನ್ನೋ ಕರೆಯೋದು ಬೀಳುತ್ತೆ. ವಿಸಿಲ್ ಯಾರು ಊದಿದ್ರೂ ಒಂದೇ ಸ್ವರ. ಅದರಲ್ಲಿ ಸಿಟ್ಟು, ಗಾಬರಿ ಯಾವುದೂ ಬೆರೆಯಲ್ಲ, ಜಡಿಮಳೆಯಲ್ಲೂ ಕೇಳುತ್ತೆ. ಒಳಗೆ ಗೋಲಿ ಇರೋ ಪೊಲೀಸ್ ವಿಸಿಲ್ ಬೇಡ. ಎಂಜಲು, ಮಳೆನೀರು ಸೇರಿ ಗೋಲಿ ಅಂಟಿದ್ರೆ ಸ್ವರ ಬದಲಾಗುತ್ತೆ. ಗೋಲಿ ಇಲ್ಲದ್ದು ಒಂದೇ ಥರದ್ದು ಎರಡು ತಗೊಳ್ಳಿ, ಒಂದು ಕಳೆದೇ ಹೋಗುತ್ತೆ. ಸಂಕೇತ ಮೂರು ಚಿಕ್ಕ ಊದು: ಪೀ‑ಪೀ‑ಪೀ. ತೋಟದಲ್ಲಿ ಕೆಲಸದ ಹೊತ್ತಿಗೆ ವಿಸಿಲ್ ಊದೋ ರೂಢಿ ಇದ್ರೆ ಅದಕ್ಕಿಂತ ಬೇರೆ ಲಯ ಇರಲಿ.

ಮೊದಲ ಮೂರು ದಿನ ಮನೆಯೊಳಗೆ ಮಾತ್ರ. ನಾಯಿ ಪಕ್ಕದಲ್ಲೇ ಇರುವಾಗ ಮೆಲ್ಲಗೆ ಊದಿ, ಒಂದು ಸೆಕೆಂಡಿನೊಳಗೆ ಬಾಯಿಗೆ ತಿಂಡಿ. ಅದು ಏನೂ ಮಾಡಬೇಕಿಲ್ಲ. 15 ಸಲ, ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ. ಊದಿದ ಮೇಲೆ ಕೈ ಜೇಬಿಗೆ ಹೋಗಲಿ, ಮುಂಚೆಯೇ ತಿಂಡಿ ಹಿಡಿದುಕೊಂಡು ನಿಲ್ಲಬೇಡಿ. ಇಲ್ಲದಿದ್ರೆ ನಾಯಿ ವಿಸಿಲ್ ಬಿಟ್ಟು ಕೈಯನ್ನ ಕಲಿಯುತ್ತೆ. ಮೂರನೇ ದಿನ ಪರೀಕ್ಷೆ: ಅದು ಬೇರೆ ಕಡೆ ನೋಡ್ತಿರುವಾಗ ಊದಿ. ಕತ್ತು ಸರಕ್ಕನೆ ತಿರುಗಿದ್ರೆ ಮುಂದಕ್ಕೆ ಹೋಗಿ, ಇಲ್ಲದಿದ್ರೆ ಇನ್ನೆರಡು ದಿನ.

ಆಮೇಲೆ ಕಾಫಿ ಒಣಗಿಸೋ ಕಣ. ಕೊಯ್ಲು ಶುರುವಾಗೋವರೆಗೆ ಖಾಲಿ ಇರುತ್ತೆ, ಸಿಮೆಂಟ್ ನೆಲ, ಗಿಡ ಇಲ್ಲ, ಹಗ್ಗ ಸಿಕ್ಕಿಕೊಳ್ಳೋಕೆ ಏನೂ ಇಲ್ಲ. ಪುಣ್ಯಕ್ಕೆ ನಿಮ್ಮ ಆರು ವಾರಕ್ಕೆ ಸರಿಯಾಗಿ ಸಿಕ್ಕಿದೆ. ಕಾಫಿ ಗಿಡದ ಸಾಲಿನೊಳಗೆ ಉದ್ದ ಹಗ್ಗ ಹಿಡಿದು ಹೋದ್ರೆ ಹತ್ತು ನಿಮಿಷದಲ್ಲಿ ನಾಯಿ, ಗಿಡ, ಮೆಣಸಿನಬಳ್ಳಿ ಮೂರೂ ಒಂದೇ ಗಂಟು.

ಹಗ್ಗ 20 ಮಿಲಿಮೀಟರ್ ಅಗಲದ ನೈಲಾನ್ ಪಟ್ಟಿ, ಮೊದಲು 5 ಮೀಟರ್, ಆಮೇಲೆ 10. ಹತ್ತಿ ಹಗ್ಗ ನೀರು ಕುಡಿದು ಭಾರ ಆಗುತ್ತೆ. ಅಗ್ಗದ ಪ್ಲಾಸ್ಟಿಕ್ ಹಗ್ಗ ಅಂಗೈ ಸುಡುತ್ತೆ, ಹೇಗಿದ್ರೂ ಕೈಗವಸು ಹಾಕ್ಕೊಳ್ಳಿ. ತುದಿಯಲ್ಲಿ ಹಿಡಿಯೋ ಕುಣಿಕೆ ಇದ್ರೆ ಕತ್ತರಿಸಿಬಿಡಿ. ಮುಂದೆ ನೆಲದಲ್ಲಿ ಎಳೆದಾಡುವಾಗ ಅದೇ ಬೇರಿಗೆ ಸಿಕ್ಕಿಕೊಳ್ಳೋದು. ಕೊಕ್ಕೆಯನ್ನ ಕೊರಳಪಟ್ಟಿಗೆ ಹಾಕಬೇಡಿ, ಎದೆ‑ಬೆನ್ನಿನ ಹಾರ್ನೆಸ್‌ನ ಬೆನ್ನಿನ ಬಳೆಗೆ ಹಾಕಿ. 26 ಕೆಜಿ ನಾಯಿ ಹತ್ತು ಮೀಟರ್ ಓಡಿ ಜಗ್ಗಿದ್ರೆ ಕತ್ತಿಗೆ ಬೀಳೋ ಏಟು ಸಣ್ಣದಲ್ಲ. ಸುರುಳಿಯಾಗಿ ಒಳಗೆ ಹೋಗೋ ಆಟೋಮ್ಯಾಟಿಕ್ ಲೀಶ್ ಈ ಕೆಲಸಕ್ಕೆ ಬರಲ್ಲ. ಅದರಲ್ಲಿ ಸದಾ ಎಳೆತ ಇರೋದ್ರಿಂದ ಎಳೆಯೋದೇ ನಾಯಿಗೆ ಅಭ್ಯಾಸ ಆಗುತ್ತೆ.

ಕಣದಲ್ಲಿ ಮೂಸಿಕೊಂಡು ಓಡಾಡಲಿ. ತಾನಾಗೇ ನಿಮ್ಮ ಕಡೆ ತಿರುಗುವ ಹೊತ್ತಿಗೆ ಊದಿ. ಗೆಲ್ಲೋ ಪಂದ್ಯದಲ್ಲೇ ಶುರು ಮಾಡಬೇಕು. ಬಂದಾಗ ಕೊರಳಪಟ್ಟಿ ಕೆಳಗೆ ಬೆರಳು ತೂರಿಸಿ, ಹಿಡಿದ ಮೇಲೆ ತಿಂಡಿ. ಕ್ರಮ ಮುಖ್ಯ: ಹಿಡಿತ ಮೊದಲು, ತಿಂಡಿ ಆಮೇಲೆ. ಒಂದೇ ತುಂಡು ಕೊಟ್ಟು ಮುಗಿಸಬೇಡಿ, ಐದಾರು ಸಣ್ಣ ತುಂಡು ಒಂದಾದ ಮೇಲೊಂದು, ಹದಿನೈದು ಸೆಕೆಂಡ್ ಹಬ್ಬ ನಡೀಲಿ. ಆಮೇಲೆ ‘ಹೋಗು’ ಅಂತ ವಾಪಸ್ ಬಿಡಿ. ಹತ್ತು ಸಲ ಕರೆದ್ರೆ ಒಂಬತ್ತು ಸಲ ವಾಪಸ್ ಬಿಡಲೇಬೇಕು. ಹೆಚ್ಚಿನವರು ತಪ್ಪೋದು ಇಲ್ಲೇ. ಕೊನೇ ಸಲ ಮಾತ್ರ ಕರೀತಾರೆ, ಆ ಒಂದು ಸಲ ಚೈನ್‌ಗೆ ಹಾಕ್ತಾರೆ, ನಾಯಿ ಎಣಿಸಿಕೊಳ್ಳುತ್ತೆ.

ಒಂದೇ ಸಲ ಊದಬೇಕು. ಮೂರು ಸೆಕೆಂಡಲ್ಲಿ ಬರಲಿಲ್ಲ ಅಂದ್ರೆ ಮತ್ತೆ ಊದಬೇಡಿ, ಬಾವಿಯಿಂದ ಕೊಡ ಸೇದಿದ ಹಾಗೆ ಎಳೆಯಲೂಬೇಡಿ. ಹಗ್ಗ ಹಿಡಿದು ಸುಮ್ಮನೆ ನೀವೇ ಅದರ ಹತ್ತಿರ ಹೋಗಿ, ದೂರ ಕಮ್ಮಿ ಮಾಡಿ ಇನ್ನೊಂದು ಪ್ರಯತ್ನ. ಹತ್ತಕ್ಕೆ ಎಂಟು ಸಲ ಬಂದ್ರೆ ಒಂದು ಹೆಜ್ಜೆ ಕಷ್ಟ ಮಾಡಿ: ದೂರವೋ, ಜಾಗವೋ, ಆಕರ್ಷಣೆಯೋ, ಮೂರರಲ್ಲಿ ಒಂದು ಮಾತ್ರ. ಆರಕ್ಕಿಂತ ಕೆಳಗೆ ಬಿದ್ರೆ ಒಂದು ಹೆಜ್ಜೆ ಹಿಂದೆ. ಒಂದು ಪಾಠ ಐದು ನಿಮಿಷ, ದಿನಕ್ಕೆ ಮೂರು.

ವಿಸಿಲ್ ಊದಿ ಸ್ನಾನಕ್ಕೆ, ಉಣ್ಣಿ ಕೀಳೋಕೆ, ಕೂಡಿಹಾಕೋಕೆ ಕರೀಬೇಡಿ. ಅಂಥ ಕೆಲಸಕ್ಕೆ ನೀವೇ ಹೋಗಿ ಕರ್ಕೊಂಡು ಬನ್ನಿ. ತಡವಾಗಿ ಬಂದ್ರೂ ಬೈಯಬೇಡಿ. ಬೈಗುಳ ಅದಕ್ಕೆ ತಾಗೋದು ‘ಬಂದಿದ್ದಕ್ಕೆ’, ತಡ ಮಾಡಿದ್ದಕ್ಕಲ್ಲ.

ಕೋಳಿ ವಿಷಯ. ಅಟ್ಟಿಸೋದೇ ಅದಕ್ಕೆ ಬಹುಮಾನ, ಪ್ರತಿ ಸಲ ಅಟ್ಟಿಸಿದಾಗ ಸಂಬಳ ಎಣಿಸಿ ಕೊಟ್ಟ ಹಾಗೆ. ಆದ್ದರಿಂದ ಈ ಆರು ವಾರ ಹಗ್ಗ ಇಲ್ಲದೆ ಲೈನ್ ಕಡೆ ಬಿಡಲೇಬಾರದು. ಕೋಳಿ ಕಂಡೂ ತಿಂಡಿ ತಿನ್ನೋಕೆ ಆಗೋಷ್ಟು ದೂರದಲ್ಲಿ ನಿಲ್ಲಿ, ಅದು 30 ಮೀಟರ್ ಇರಬಹುದು, 50 ಇರಬಹುದು. ಕೋಳಿ ನೋಡಿತು, ತಿಂಡಿ ಬಂತು. ಹದಿನೈದಿಪ್ಪತ್ತು ಸಲ ಆದ ಮೇಲೆ ಕೋಳಿ ಕಂಡ ತಕ್ಷಣ ನಿಮ್ಮ ಮುಖ ನೋಡುತ್ತೆ. ಆವಾಗ ಎರಡು ಮೀಟರ್ ಮುಂದೆ. ತಿಂಡಿಯನ್ನ ಉಗುಳಿದ್ರೆ ತೀರಾ ಹತ್ತಿರ ಹೋಗಿದ್ದೀರಿ ಅಂತ ಅರ್ಥ.

ಮಳೆಗೆ ಮುಂಚೆ ಕಲಿತದ್ದೂ ಈಗ ಮರೆತ ಹಾಗೆ ಆಡಬಹುದು. ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಪ್ರಾಯದ ಕಾಲ, ಏಳುಬೀಳು ಇದ್ದದ್ದೇ. ಆರು ವಾರದಲ್ಲಿ ಕಣದ ಮೇಲೆ, ಮನೆ ಸುತ್ತ ಹಗ್ಗದಲ್ಲಿ ನಂಬಿಕೆ ಬರುತ್ತೆ. ತೋಟದೊಳಗೆ ಹಗ್ಗ ಬಿಚ್ಚೋ ಮಾತು ಮುಂದಿನ ಬೇಸಿಗೆಗೆ ಇಟ್ಟುಕೊಳ್ಳಿ.

ಹೊಳೆಬದಿ:

ಮೇಲಿನವರು ಹೇಳಿದ್ದಕ್ಕೆ ತಿಂಡಿ ಲೆಕ್ಕ ಸೇರಿಸ್ತೀನಿ, ಅರ್ಧ ಪಾಠ ಕೆಡೋದು ಅಲ್ಲೇ. ತುಂಡು ಬಟಾಣಿಕಾಳಿಗಿಂತ ದೊಡ್ಡದು ಬೇಡ. ಮಸಾಲೆ, ಉಪ್ಪು ಹಾಕದೆ ಬೇಯಿಸಿದ ಕೋಳಿ ಎದೆಮಾಂಸ ಉತ್ತಮ. ಈ ತೂಕದ ನಾಯಿಗೆ ದಿನಕ್ಕೆ 80ರಿಂದ 90 ಗ್ರಾಂ ದಾಟಿಸಬೇಡಿ, ಅಷ್ಟರಲ್ಲಿ ನೂರಕ್ಕೆ ಕಡಿಮೆ ಇಲ್ಲದಷ್ಟು ತುಂಡು ಬರುತ್ತೆ. ಅಷ್ಟು ಕೊಟ್ಟ ದಿನ ಊಟದಲ್ಲಿ ಹತ್ತನೇ ಒಂದು ಭಾಗ ಕಡಿಮೆ ಮಾಡಿ. ಕೋಳಿ ಲಿವರ್ ವಾಸನೆಗೆ ಬೆಲೆ ಜಾಸ್ತಿ, ಆದ್ರೆ ಹೆಚ್ಚಾದ್ರೆ ಭೇದಿ. ಅದನ್ನ ಹೊರಗಿನ ಕಷ್ಟದ ಪಾಠಕ್ಕೆ ಮೀಸಲಿಡಿ. ಮನೆಯೊಳಗಿನ ಪಾಠಕ್ಕೆ ಅಕ್ಕಿತರಿ ಉಂಡೆ ಕಡಂಬುಟ್ಟಿನ ಚೂರೂ ನಡೆಯುತ್ತೆ, ಕಾಡುಹಂದಿ ವಾಸನೆ ಎದುರು ಮಾತ್ರ ಅದು ಸೋಲುತ್ತೆ.

ಪಂದಿಕರಿಯ (ಹಂದಿಮಾಂಸದ ಸಾರು) ತುಂಡು ತೊಳೆದು ಕೊಡೋದು ಬೇಡ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತೆ, ಅದು ತೊಳೆದ್ರೆ ಹೋಗಲ್ಲ. ಹಂದಿ ಕೊಬ್ಬಿನಿಂದ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. ಬೂಸಲು ಬಂದ ಬಿಸ್ಕೆಟ್, ರೊಟ್ಟಿಯೂ ಬೇಡ, ನಮ್ಮ ಕಡೆ ಡಬ್ಬಿಯೊಳಗೇ ಬೂಸಲು ಹಿಡಿಯುತ್ತೆ, ನೋಡಿ ಕೊಡಿ. ಕಣದಲ್ಲಿ ಪಾಠ ಮಾಡುವಾಗ ಹಳೇ ಕಾಫಿ ಬೀಜ, ಸಿಪ್ಪೆ ರಾಶಿ ಮೂಲೆಯಲ್ಲಿ ಉಳಿದಿದ್ರೆ ಗುಡಿಸಿ ತೆಗೀರಿ. ಕೆಫೀನ್ ನಾಯಿಗೆ ವಿಷ, ತಿಂದ್ರೆ ಎದೆಬಡಿತ ಏರಿ ನಡುಕ ಬರುತ್ತೆ.

ಇನ್ನೊಂದು. ಪಾಠ ಶುರು ಮಾಡೋ ಮೊದಲು ಕಿವಿ ನೋಡಿ. ಇಳಿಬಿದ್ದ ಕಿವಿ, ನಾಲ್ಕು ತಿಂಗಳ ತೇವ, ಹೊಳೆ ಈಜು. ಲ್ಯಾಬ್‌ಗಳಿಗೆ ಈ ಕಾಲದಲ್ಲಿ ಕಿವಿ ಸೋಂಕು ಸಾಮಾನ್ಯ. ಕೊರಳಪಟ್ಟಿಗೆ ಕೈ ಹಾಕಿದ್ರೆ ಹಿಂದೆ ಸರಿಯೋದು ಹಠ ಅಂತ ನಾವು ಅಂದುಕೊಳ್ತೀವಿ, ಅದು ನೋವೂ ಇರಬಹುದು. ಕಿವಿ ಮಡಚಿ ನೋಡಿ: ಕಂದು ಮೇಣ, ಹುಳಿ ವಾಸನೆ, ಕೆಂಪು, ತಲೆ ಒದರೋದು, ಇದರಲ್ಲಿ ಯಾವುದಿದ್ರೂ ಪಶುವೈದ್ಯರಿಗೆ ತೋರಿಸಿ. ತೆಂಗಿನೆಣ್ಣೆ, ಹೈಡ್ರೋಜನ್ ಪೆರಾಕ್ಸೈಡ್ ಸುರಿಯಬೇಡಿ. ಹತ್ತಿಕಡ್ಡಿ ಒಳಗೆ ತೂರಿಸಬೇಡಿ, ಕೊಳೆ ಇನ್ನೂ ಒಳಕ್ಕೆ ಹೋಗುತ್ತೆ. ಹಾಗೇ ಒಸಡೂ ನೋಡಿ. ಬಿಳಿಚಿಕೊಂಡಿದ್ದು, ಮಂಕಾಗಿದ್ರೆ ಉಣ್ಣಿ ಜ್ವರ ಇರಬಹುದು. ಗುದದ ಉಷ್ಣತೆ 101ರಿಂದ 102.5 ಫ್ಯಾರನ್‌ಹೀಟ್ ಸಹಜ, 103 ದಾಟಿದ್ರೆ ರಕ್ತ ಪರೀಕ್ಷೆ ಮಾಡಿಸಿ. ಕಾಯಿಲೆ ಇರೋ ನಾಯಿಗೆ ಪಾಠ ಹತ್ತಲ್ಲ.

ಏಲಕ್ಕಿಮಲೆ:

ಆರು ವಾರ, ವಿಸಿಲ್, ಕೋಳಿಮಾಂಸ ಎಲ್ಲಾ ಸರಿ. ಆದ್ರೆ ಕೋಳಿ, ಹಂದಿ ಅಟ್ಟಿಸೋ ನಾಯಿಗೆ ರಿಮೋಟ್ ಕಾಲರ್ ಎರಡು ದಿನದಲ್ಲಿ ನಿಲ್ಲಿಸುತ್ತೆ. ಕಡಿಮೆ ಮಟ್ಟದಲ್ಲಿ ಇಟ್ಟು, ಮೊದಲು ಬೀಪ್, ಆಮೇಲೆ ಕರೆಂಟ್. ಹಂದಿ ಹಿಂದೆ ಹೋಗಿ ಹೊಟ್ಟೆ ಸೀಳಿಸಿಕೊಳ್ಳೋದಕ್ಕಿಂತ ವಾಸಿ ಅಲ್ವಾ?

ಕಣದಮೂಲೆ:

ಎರಡು ದಿನದಲ್ಲಿ ಏನೋ ಒಂದು ನಿಲ್ಲುತ್ತೆ, ನಿಜ. ಏನು ನಿಂತಿತು ಅನ್ನೋದು ಪ್ರಶ್ನೆ. ಕರೆಂಟ್ ತಾಗಿದ ಗಳಿಗೆಯಲ್ಲಿ ನಾಯಿ ಯಾವುದನ್ನ ನೋಡ್ತಿತ್ತೋ ನೋವನ್ನ ಅದಕ್ಕೆ ಗಂಟು ಹಾಕುತ್ತೆ. ಅದು ಕೋಳಿ ಆಗಿರಬಹುದು, ಕೋಳಿ ಪಕ್ಕ ನಿಂತ ಲೈನ್ ಮನೆ ಮಗುವೂ ಆಗಿರಬಹುದು. ಈ ನಾಯಿ ಆಗಲೇ ಅಪರಿಚಿತರಿಗೆ ಹೆದರಿ ಬೊಗಳ್ತಿದೆ. ಚೀಲ ಹೊತ್ತವರು ಕಾಣೋದು, ಕತ್ತಿಗೆ ಸಿಡಿಲು ಬಡಿಯೋದು ಎರಡು ಸಲ ಒಟ್ಟಿಗೆ ಆಗಲಿ, ಜನವರಿಯಲ್ಲಿ ಕಚ್ಚೋ ನಾಯಿ ತಯಾರು.

ತಾಂತ್ರಿಕವಾಗಿಯೂ ತೊಂದರೆ ಇದೆ. ಆ ಕಾಲರ್‌ನ ಎರಡು ಲೋಹದ ಮೊಳೆ ಚರ್ಮಕ್ಕೆ ಒತ್ತಿಕೊಂಡೇ ಇರಬೇಕು. ಒದ್ದೆ ಕೂದಲು, ಗಂಟೆಗಟ್ಟಲೆ ಹಾಕಿದ್ದು ಎರಡೂ ಸೇರಿದ್ರೆ ಕತ್ತಿನಲ್ಲಿ ಹುಣ್ಣಾಗುತ್ತೆ. ಮಟ್ಟ ಒಣಗಿದ ನಾಯಿಗೆ ಒಂದು ಥರ, ಒದ್ದೆ ನಾಯಿಗೆ ಒಂದು ಥರ ತಾಗುತ್ತೆ. ಇನ್ನು ಹಂದಿ ಹಿಂದೆ ಪೂರ್ತಿ ಬಿಸಿಯಾಗಿ ಓಡ್ತಿರೋ ನಾಯಿಗೆ ಕಡಿಮೆ ಮಟ್ಟ ಗೊತ್ತೇ ಆಗಲ್ಲ. ಗೊತ್ತಾಗೋ ಮಟ್ಟಕ್ಕೆ ಏರಿಸಿದ್ರೆ ಅದನ್ನ ‘ಕಡಿಮೆ’ ಅನ್ನೋಕಾಗಲ್ಲ.

ಕಾಲರ್‌ಗೆ ಕೊಡೋ ದುಡ್ಡಲ್ಲಿ ಒಳ್ಳೇ ಹಾರ್ನೆಸ್, ಹಗ್ಗ, ಮನೆ ಸುತ್ತ ಒಂದಷ್ಟು ಜಾಲರಿ ಬೇಲಿ ಬರುತ್ತೆ. ಜಿಪಿಎಸ್ ಕಾಲರ್ ಬಗ್ಗೆಯೂ ಯಾರಾದ್ರೂ ಕೇಳೋ ಮೊದಲೇ ಹೇಳ್ತೀನಿ, ಅದರಲ್ಲಿ ಹೆಚ್ಚಿನವು ಮೊಬೈಲ್ ಸಿಮ್ ಮೇಲೆ ನಡೆಯೋದು. ಹೊಳೆ ತಗ್ಗಿನಲ್ಲಿ ನಿಮ್ಮ ಫೋನಿಗೇ ಸಿಗ್ನಲ್ ಇಲ್ಲ ಅಂದ್ರೆ ಕಾಲರ್‌ಗೆ ಎಲ್ಲಿಂದ ಬರಬೇಕು. ಕತ್ತಿಗೆ ಒಂದು ಹಿತ್ತಾಳೆ ಗಂಟೆ ಕಟ್ಟಿ.

ಬೆಟ್ಟದಹಾದಿ:

ಕೊಯ್ಲಿನವರ ಬಗ್ಗೆ. ಈ ಬೊಗಳೋದನ್ನ ‘ಕಾವಲು’ ಅಂತ ಮೆಚ್ಚಿಕೊಳ್ಳೋರು ಬಹಳ. ಬಾಲ ಎಲ್ಲಿದೆ ನೋಡಿ. ಕೆಳಗೆ ಬಾಗಿದ ಬಾಲ, ಮುಂದೆ ಎರಡು ಹೆಜ್ಜೆ ಹಿಂದೆ ಮೂರು ಹೆಜ್ಜೆ ಅಂದ್ರೆ ಹೆದರಿಕೆ. ಮರಿಗಳು ಮನುಷ್ಯರ ಆಕಾರ ಕಲಿಯೋದು ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದೊಳಗೆ. ಆ ಕಾಲದಲ್ಲಿ ತಲೆ ಮೇಲೆ ಚೀಲ ಇರೋ ಮನುಷ್ಯ, ಪ್ಲಾಸ್ಟಿಕ್ ಸರಬರ ಅನ್ನಿಸೋ ಮನುಷ್ಯ ಕಂಡಿಲ್ಲ ಅಂದ್ರೆ ಅದಕ್ಕೆ ಅದು ಮನುಷ್ಯನೇ ಅಲ್ಲ, ಬೇರೇನೋ ಪ್ರಾಣಿ. ಈಗ ಕಲಿಸಬಹುದು, ನಿಧಾನ ಅಷ್ಟೇ.

ವಸ್ತುವಿನಿಂದ ಶುರು ಮಾಡಿ. ಜಗಲಿಯಲ್ಲಿ ಖಾಲಿ ಗೋಣಿಚೀಲ ಹಾಸಿ, ಅದರ ಮೇಲೆ ತಿಂಡಿ ಚೆಲ್ಲಿ. ಮರುದಿನ ಮನೆಯವರೇ ಚೀಲ ಭುಜಕ್ಕೆ, ಆಮೇಲೆ ತಲೆಗೆ. ಪ್ಲಾಸ್ಟಿಕ್ ಹಾಳೆಯೂ ಹೀಗೇ: ನೆಲದಲ್ಲಿ, ಕೈಯಲ್ಲಿ, ಹೆಗಲಲ್ಲಿ, ಕೊನೆಗೆ ತಲೆ ಮೇಲೆ ಹೊದ್ದು ನಡೆಯೋದು. ನಾಯಿಗೆ ಗೊತ್ತಿರೋ ಮನುಷ್ಯ ಎರಡು ನಿಮಿಷಕ್ಕೊಮ್ಮೆ ರೂಪ ಬದಲಿಸಿದ್ರೆ ಅದಕ್ಕೇ ಲೆಕ್ಕ ಸಿಗುತ್ತೆ.

ಆಮೇಲೆ ಲೈನ್‌ನಲ್ಲಿ ಇರೋ ಒಬ್ಬರಿಬ್ಬರ ಸಹಾಯ ಕೇಳಿ. 30 ಮೀಟರ್ ದೂರದಲ್ಲಿ ಅಡ್ಡಕ್ಕೆ ನಡೆದು ಹೋಗಲಿ, ನೇರ ಎದುರಿಗೆ ಬರೋದು ಬೇಡ, ನಾಯಿ ಕಣ್ಣಿಗೆ ಕಣ್ಣು ಕೊಡೋದೂ ಬೇಡ. ಅವರು ಕಂಡ್ರೆ ತಿಂಡಿ ಶುರು, ಮರೆಯಾದ್ರೆ ತಿಂಡಿ ನಿಲ್ಲಿಸಿ. ಆಳುಗಳ ಕೈಯಿಂದಲೇ ಬಿಸ್ಕೆಟ್ ಕೊಡಿಸೋದು ಎಲ್ಲರೂ ಮಾಡೋ ತಪ್ಪು. ಆಸೆಗೆ ಬಿದ್ದು ಹತ್ತಿರ ಹೋಗುತ್ತೆ, ಬಿಸ್ಕೆಟ್ ಮುಗಿದ ಕೂಡಲೇ ತಾನು ಎಲ್ಲಿ ನಿಂತಿದ್ದೀನಿ ಅಂತ ಗಾಬರಿಯಾಗಿ ಕೈಗೆ ಬಾಯಿ ಹಾಕುತ್ತೆ. ಕೊಡಲೇಬೇಕು ಅಂದ್ರೆ ನಾಯಿಯ ಹಿಂಬದಿಗೆ ಬೀಳೋ ಹಾಗೆ ಎಸೆಯಲಿ, ತಿನ್ನೋಕೆ ಅದು ದೂರ ಹೋಗಬೇಕು.

ಗುರುಗುಟ್ಟಿದ್ರೆ ಹೊಡೀಬೇಡಿ. ಅದು ‘ಇನ್ನು ಹತ್ತಿರ ಬರಬೇಡ’ ಅನ್ನೋ ಎಚ್ಚರಿಕೆ. ಆ ಸದ್ದನ್ನ ಹೊಡೆದು ಅಡಗಿಸಿದ್ರೆ ಮುಂದೆ ಸದ್ದಿಲ್ಲದೆ ಕಚ್ಚುತ್ತೆ.

ಬುಟ್ಟಿ ಥರದ ಬಾಯಿಕುಕ್ಕೆ ಈಗಲೇ ಅಭ್ಯಾಸ ಮಾಡಿಸಿ. ಒಳಗೆ ಸ್ವಲ್ಪ ಮೊಸರು ಬಳಿದು ಮುಂದೆ ಹಿಡಿಯಿರಿ, ಮೂತಿ ತಾನೇ ತೂರಿಸಲಿ. ಮೊದಲ ನಾಲ್ಕು ದಿನ ಪಟ್ಟಿ ಕಟ್ಟಬೇಡಿ. ಐದನೇ ದಿನ ಐದು ಸೆಕೆಂಡ್, ಆಮೇಲೆ ಹತ್ತು, ಮೂವತ್ತು, ಎರಡು ನಿಮಿಷ. ಅದರೊಳಗೆ ಬಾಯಿ ತೆರೆದು ತೇಕೋಕೆ, ನೀರು ಕುಡಿಯೋಕೆ ಆಗಬೇಕು. ಬಟ್ಟೆಯ ಬಿಗಿ ಕುಕ್ಕೆಯಲ್ಲಿ ಇದೆರಡೂ ಆಗಲ್ಲ, ನಾಯಿ ತೇಕಿಯೇ ಮೈ ತಂಪು ಮಾಡ್ಕೊಳ್ಳೋದು. ಕೂಲಿ ಬಟವಾಡೆ, ತೂಕದ ಹೊತ್ತಿಗೆ ಜನ ಗುಂಪಾಗಿ ಮನೆ ಮುಂದೆ ಸೇರ್ತಾರಲ್ಲ, ಆವಾಗ ಕುಕ್ಕೆ ಹಾಕಿದ್ರೂ ನಾಯಿ ಒಳಗೇ ಇರಲಿ.

ರೇಬೀಸ್ ಲಸಿಕೆ ಕಾರ್ಡ್ ಕೈಗೆ ಸಿಗೋ ಕಡೆ ಇಡಿ. ಕಚ್ಚಿದ್ರೆ ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆ, ನಾಯಿಗೆ ಲಸಿಕೆ ಆಗಿದ್ರೂ ಸರಿ. ಖರ್ಚು ಮಾಲೀಕರದ್ದು ಅನ್ನೋದು ಮರ್ಯಾದೆ. ಕಾನೂನೂ ಸುಮ್ಮನಿಲ್ಲ: ಸಾಕಿದ ಪ್ರಾಣಿಯನ್ನ ನಿರ್ಲಕ್ಷ್ಯದಿಂದ ಬಿಟ್ಟು ಅಪಾಯ ತಂದ್ರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್‌ನಲ್ಲಿ ಆರು ತಿಂಗಳವರೆಗೆ ಸಜೆ ಇದೆ.

ಚೈನ್ ಬಗ್ಗೆ ಒಂದೇ ಮಾತು. ಇಡೀ ದಿನ ಒಂದೂವರೆ ಮೀಟರ್ ಚೈನ್‌ನಲ್ಲಿ ಇದ್ದ ನಾಯಿ ದಾರಿಹೋಕರಿಗೆಲ್ಲ ಬೊಗಳೋದನ್ನೇ ಕಸುಬು ಮಾಡ್ಕೊಳ್ಳುತ್ತೆ. ಸದಾ ಕಟ್ಟಿಹಾಕಿದ ನಾಯಿಗೆ ಓಡಾಟ ಮಾಡಿಸದೇ ಇರೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲೂ ಅಪರಾಧ. ಬೇಲಿ ಆಗೋವರೆಗೆ ಹಗಲಿಗೆ ಓಡುತಂತಿ ಹಾಕಿ: ಎರಡು ಕಂಬದ ನಡುವೆ 15 ಮೀಟರ್, ತಲೆಗಿಂತ ಎತ್ತರದಲ್ಲಿ ಉಕ್ಕಿನ ತಂತಿ, ಅದರಲ್ಲಿ ಜಾರೋ ಬಳೆ, ಬಳೆಗೆ ನಾಯಿ ಮಲಗೋಷ್ಟು ಉದ್ದದ ಹಗುರ ಹಗ್ಗ. ಎರಡೂ ಕಂಬದಿಂದ ಎರಡೂವರೆ ಮೀಟರ್ ಜಾಗ ಬಿಟ್ಟು ತಂತಿಗೆ ಕ್ಲಿಪ್ ಬಿಗಿದು ತಡೆ ಕೊಡಿ, ಇಲ್ಲದಿದ್ರೆ ಕಂಬಕ್ಕೆ ಸುತ್ತಿಕೊಂಡು ನಿಲ್ಲುತ್ತೆ. ನೆರಳು, ನೀರು ಎರಡೂ ಹಗ್ಗದ ಅಳತೆಯೊಳಗೆ ಇರಲಿ.

ಕರಿಮೆಣಸಿನಬಳ್ಳಿ:

ಎಲ್ಲರಿಗೂ ಧನ್ಯವಾದ. ಎಡಕಿವಿಯಲ್ಲಿ ಕಂದು ಮೇಣ, ವಾಸನೆ ಎರಡೂ ಇದೆ, ಮೊದಲು ಡಾಕ್ಟರ್ ಹತ್ರ. ಇನ್ನೊಂದು ಮರೆತಿದ್ದೆ. ಹುತ್ತರಿ ಸುಗ್ಗಿಹಬ್ಬಕ್ಕೆ ಕೋವಿ ಸದ್ದು ಇದ್ದೇ ಇರುತ್ತೆ, ಆನೆ ಓಡಿಸೋ ಗರ್ನಲ್ ಪಟಾಕಿ ಯಾವಾಗ ಬೇಕಾದ್ರೂ. ಸೆಪ್ಟೆಂಬರ್‌ನಲ್ಲಿ ಕೈಲ್ ಪೊಳ್ದ್ ಆಯುಧ ಹಬ್ಬದ ಹೊತ್ತಿಗೆ ಮಂಚದ ಕೆಳಗೆ ಹೋಗಿ ನಡುಗ್ತಿತ್ತು. ಇದಕ್ಕೂ ತಿಂಡಿಯೇ?

ಬೆಟ್ಟದಹಾದಿ:

ಇದಕ್ಕೂ ತಿಂಡಿಯೇ, ಆದ್ರೆ ಕ್ರಮ ಒಂದು ಚೂರೂ ತಪ್ಪಬಾರದು. ಸದ್ದು ಮೊದಲು, ಒಂದು ಸೆಕೆಂಡ್ ಬಿಟ್ಟು ತಿಂಡಿ. ತಿಂಡಿ ಮೊದಲು ಬಂದು ಆಮೇಲೆ ಸದ್ದು ಬಂದ್ರೆ ತಿಂಡಿಯನ್ನೇ ಅನುಮಾನಿಸುತ್ತೆ.

ಕೋವಿ, ಪಟಾಕಿ ಸದ್ದಿನ ರೆಕಾರ್ಡಿಂಗ್ ಹುಡುಕಿ. ಫೋನಿನ ಸಣ್ಣ ಸ್ಪೀಕರ್‌ನಲ್ಲಿ ಎದೆಗೆ ಗುದ್ದೋ ಆ ಆಳದ ಸ್ವರ ಬರೋದೇ ಇಲ್ಲ, ದೊಡ್ಡ ಬ್ಲೂಟೂತ್ ಸ್ಪೀಕರ್ ಬೇಕು. ಕಿವಿ ಸ್ವಲ್ಪ ಅಲ್ಲಾಡೋಷ್ಟು ಮಾತ್ರ ಸದ್ದು ಇಟ್ಟು ಶುರು ಮಾಡಿ. ಒಂದು ಪಾಠಕ್ಕೆ ಎಂಟು ಹತ್ತು ಸದ್ದು, ನಡುವೆ ಅರ್ಧದಿಂದ ಎರಡು ನಿಮಿಷ ಅಂತರ, ಹೊತ್ತು ಊಹಿಸೋಕೆ ಆಗಬಾರದು. ಸದ್ದಾದ ಕೂಡಲೇ ‘ಎಲ್ಲಿ ನನ್ನ ತುಂಡು’ ಅಂತ ನಿಮ್ಮ ಕಡೆ ತಿರುಗಿದ್ರೆ ಮರುದಿನ ಒಂದು ಗೆರೆ ಜಾಸ್ತಿ. ತುಟಿ ನೆಕ್ಕೋದು, ಕಾರಣ ಇಲ್ಲದೆ ಆಕಳಿಸೋದು, ತೇಕೋದು, ಬಾಲ ಹೊಟ್ಟೆಗೆ ಸೇರೋದು, ಇದರಲ್ಲಿ ಯಾವುದು ಕಂಡ್ರೂ ಅವತ್ತಿಗೆ ಸಾಕು, ನಾಳೆ ಎರಡು ಗೆರೆ ಕಡಿಮೆ. ಕಿವಿ ನೋವು ವಾಸಿಯಾಗೋವರೆಗೆ ಇದನ್ನ ಮುಟ್ಟಬೇಡಿ.

ಆನೆ ಓಡಿಸೋ ಗರ್ನಲ್‌ಗೆ ವೇಳಾಪಟ್ಟಿ ಇಲ್ಲ. ಅದಕ್ಕೆ ಒಣಗಿದ ತಿಂಡಿಯ ಸಣ್ಣ ಡಬ್ಬಿ ಮೂರು ಕಡೆ ಇಡಿ: ಅಡುಗೆಮನೆ, ಜಗಲಿ, ಮಲಗೋ ಕೋಣೆ. ಎಲ್ಲೇ ಢಂ ಅಂದ್ರೂ ಮನೆಯವರು ಯಾರಿದ್ರೂ ಒಂದು ಹಿಡಿ ನೆಲಕ್ಕೆ ಚೆಲ್ಲಲಿ. ನಾಯಿ ಬೊಗಳಿದ್ರೂ ಚೆಲ್ಲಿ, ಸುಮ್ಮನಿದ್ರೂ ಚೆಲ್ಲಿ. ಇಲ್ಲಿ ನಡತೆಗೆ ಕೂಲಿ ಕೊಡ್ತಿಲ್ಲ, ಸದ್ದಿನ ಅರ್ಥ ಬದಲಿಸ್ತಿದ್ದೀರಿ.

ಹುತ್ತರಿ ದಿನ ಪಾಠ ಬೇಡ. ಸಂಜೆ ಐದರೊಳಗೆ ಹಗ್ಗದಲ್ಲೇ ಉಚ್ಚೆ‑ಕಕ್ಕ ಮುಗಿಸಿ. ಕದಿರು ತೆಗೆಯೋಕೆ ಗದ್ದೆಗೆ ಹೊರಡೋ ಮೊದಲು ಕಿಟಕಿ ಮುಚ್ಚಿದ ಒಳಕೋಣೆಗೆ ಹಾಕಿ, ಫ್ಯಾನ್, ಟಿವಿ ಹಚ್ಚಿ, ಒಬ್ಬರು ಜೊತೆಗೆ ಕೂರಲಿ. ಮಂಚದ ಕೆಳಗೇ ಇರ್ತೀನಿ ಅಂದ್ರೆ ಇರಲಿ, ಎಳೀಬೇಡಿ. ಮುದ್ದು ಮಾಡಿದ್ರೆ ಹೆದರಿಕೆ ಹೆಚ್ಚುತ್ತೆ ಅನ್ನೋದು ಹಳೇ ನಂಬಿಕೆ, ಮೈ ಸವರಿದ್ರೆ ಹೆದರಿಕೆ ಬೆಳೆಯಲ್ಲ. ಕೊರಳಪಟ್ಟಿಯಲ್ಲಿ ಫೋನ್ ನಂಬರ್ ಇರೋ ಬಿಲ್ಲೆ ಇರಲಿ, ಗಾಬರಿಯಾದ ನಾಯಿ ಒಂದೇ ಉಸಿರಿಗೆ ಹಳ್ಳಿ ದಾಟುತ್ತೆ.

ಮಂಚದ ಕೆಳಗೆ ನಡುಗೋ ಮಟ್ಟಕ್ಕೆ ಹೋಗಿದೆ ಅಂದ ಮೇಲೆ ಕಿವಿಗೆ ಹೋದಾಗ ಡಾಕ್ಟರ್ ಹತ್ರ ಇದನ್ನೂ ಹೇಳಿ. ಆತಂಕ ಇಳಿಸೋ ಮಾತ್ರೆಗಳಿವೆ, ಹಬ್ಬಕ್ಕೆ ಎರಡು ವಾರ ಮುಂಚೆ ಸದ್ದಿಲ್ಲದ ಒಂದು ದಿನ ಕೊಟ್ಟು ಹೇಗೆ ಹಿಡಿಯುತ್ತೆ ಅಂತ ನೋಡಬೇಕು. ಬರೀ ಮಂಪರು ಬರಿಸೋ ಮಾತ್ರೆ ಒಂದನ್ನೇ ಕೊಟ್ರೆ ಕಾಲು ಏಳಲ್ಲ, ಹೆದರಿಕೆ ಹಾಗೇ ಒಳಗಿರುತ್ತೆ. ಮನುಷ್ಯರ ನಿದ್ದೆಮಾತ್ರೆ ಅಂದಾಜಿಗೆ ಕೊಡೋದಂತೂ ಬೇಡವೇ ಬೇಡ.

ಹೊಳೆಬದಿ:

ಸಿದ್ದಾಪುರದ ಕಡೆ ಅಂದ್ರಿ, ಅದಕ್ಕೆ ಇದೂ ಸೇರಲಿ. ವಿಸಿಲ್ ಎಷ್ಟೇ ಪಕ್ಕಾ ಆದ್ರೂ ಸಂಜೆ ಆರರಿಂದ ಬೆಳಗ್ಗೆ ಏಳರವರೆಗೆ ಹಗ್ಗ ಬಿಚ್ಚಬೇಡಿ. ಆನೆ ಕಂಡ ನಾಯಿ ಹೋಗಿ ಬೊಗಳುತ್ತೆ, ಆನೆ ತಿರುಗಿ ಬಿದ್ರೆ ಸೀದಾ ಯಜಮಾನನ ಹತ್ರ ಓಡಿ ಬರುತ್ತೆ, ಹಿಂದೆ ಆನೆ. ನೀವು ವಿಸಿಲ್ ಊದಿದ್ರಂತೂ ದಾರಿ ತೋರಿಸಿದ ಹಾಗೇ ಆಯ್ತು. ಆನೆ ಇದೆ ಅಂತ ಗೊತ್ತಾದ ದಿನ ಹಗಲಲ್ಲೂ ಬಿಡಬಾರದು.

ರಾತ್ರಿ ಜಗಲಿಯಲ್ಲಿ ಚೈನ್ ಹಾಕಿ ಬಿಡೋದು ಅಂದ್ರೆ ಚಿರತೆಗೆ ಎಲೆ ಹಾಕಿಟ್ಟ ಹಾಗೆ, ಪಾಪದ್ದು ಓಡೋಕೂ ಆಗಲ್ಲ. ಮನೆಯೊಳಗೆ ಮಲಗಲಿ. ಗೂಡು ಕಟ್ಟೋದಾದ್ರೆ ನಾಲ್ಕು ಬದಿಯ ಜೊತೆಗೆ ಮೇಲ್ಗಡೆಯೂ ಬೆಸುಗೆ ಹಾಕಿದ ಜಾಲರಿ, ನೆಲ ಕಾಂಕ್ರೀಟ್, ಚಿಲಕ ತಳ್ಳಿದ್ರೆ ತೆರೆಯದ ಥರದ್ದು.

ಕಾಡುಹಂದಿಗೆ ಇಡೋ ಉರುಳು ಇನ್ನೊಂದು ಕಾಟ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಅಪರಾಧ, ಆದ್ರೂ ಹೊಳೆ ಪಕ್ಕದ ಜಾಡಿನಲ್ಲಿ ಸಿಗುತ್ತೆ. ಹೆಚ್ಚಾಗಿ ಬೈಕಿನ ಕ್ಲಚ್ ಕೇಬಲ್, ನಾಯಿ ಎಳೆದಷ್ಟೂ ಬಿಗಿಯೋದು. ಮನೆಯ ಸಾಧಾರಣ ಪ್ಲೇಯರ್ ಬಾಯಿಗೆ ಅದು ಬಗ್ಗಲ್ಲ. ತೋಟ ಸುತ್ತುವಾಗ ಜೇಬಲ್ಲಿ ಸಣ್ಣ ಕೇಬಲ್ ಕಟರ್ ಇರಲಿ. ಸಿಕ್ಕಿಬಿದ್ದ ನಾಯಿ ನೋವಿಗೆ ಯಜಮಾನನನ್ನೂ ಕಚ್ಚುತ್ತೆ, ಮೊದಲು ಅಂಗಿ ಬಿಚ್ಚಿ ಅದರ ತಲೆ ಮುಚ್ಚಿ, ಮೈಯನ್ನ ಕಟ್ಟಿದ ಮರದ ಕಡೆ ತಳ್ಳಿ ಕೇಬಲ್ ಸಡಿಲ ಮಾಡಿ, ಆಮೇಲೆ ಕುಣಿಕೆಯನ್ನೇ ಕತ್ತರಿಸಿ. ಮರದ ಕಡೆ ಮಾತ್ರ ಕತ್ತರಿಸಿದ್ರೆ ಕುಣಿಕೆ ಮೈಯಲ್ಲೇ ಉಳಿದು ಓಡಿಹೋಗುತ್ತೆ. ಹೊರಗೆ ಗಾಯ ಕಾಣದಿದ್ರೂ ಅವತ್ತೇ ಡಾಕ್ಟರಿಗೆ ತೋರಿಸಿ, ಬಾವು ಆಮೇಲೆ ಏರುತ್ತೆ.